ಟಿಕೋಟಾ ದಾಟಿದ ನಕ್ಷತ್ರ

ಶೇಂಗಾ ಹುರಿಯುವ ವಾಸನೆ ಬಂದರೆ ನನಗೆ ನಕ್ಷತ್ರ ನೆನಪಾಗುತ್ತದೆ. ಯಾರ ಮುಂದೆ ಹೇಳಿದರೂ ನಗುತ್ತಾರೆಂದು ಹೇಳುವುದನ್ನೇ ಬಿಟ್ಟಿದ್ದೆ. ಮೊನ್ನೆ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ತಳ್ಳುಗಾಡಿಯವನೊಬ್ಬ ಬಿಸಿ ಉಸುಕಿನಲ್ಲಿ ಶೇಂಗಾ ಹುರಿಯುತ್ತಿದ್ದ. ಔಷಧಿ ತರಲು ಹೊರಟವಳು ಅಲ್ಲೇ ನಿಂತುಬಿಟ್ಟೆ. ಸಿಪ್ಪೆ ಕರಕಾಗುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಲಾಗ್ ಟೇಬಲ್ಲಿನ ಸಣ್ಣ ಸಣ್ಣ ಅಂಕಿಗಳು ಕಣ್ಣ ಮುಂದೆ ಸಾಲು ಹಿಡಿದು ನಿಂತವು. ಅವುಗಳ ಹಿಂದೆ ಒಂದು ಮಾಳಿಗೆ, ಮಾಳಿಗೆಯ ಮೇಲೆ ಚಾಪೆ, ಚಾಪೆಯ ಮೇಲೆ ನಾವು ನಾಲ್ವರು ಹುಡುಗಿಯರು... ನಡುವೆ ಅಕ್ಕೋರು.

"ಎಷ್ಟ್ ಕಟ್ಲಿ ಅಮ್ಮಾರ?" ಎಂದು ಗಾಡಿಯವನು ಕೇಳಿದ. ಒಂದು ಪೊಟ್ಟಣ ಕಟ್ಟಿಸಿಕೊಂಡೆ. ಶೇಂಗಾ ಅಗಿಯುವ ಹಲ್ಲು ನನಗೀಗ ಉಳಿದಿಲ್ಲ. ವಾಸನೆಗೇ ದುಡ್ಡು ಕೊಟ್ಟ ಹಾಗಾಯಿತು, ಇರಲಿ.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಇವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು, ಲೆಕ್ಕಪ್ರಕಾರ ಮೇಡಂ ಆಗಬೇಕು. ಆದರೆ ಅವರು ಬಾಡಿಗೆಗೆ ಹಿಡಿದ ಮಾಳಿಗೆ ಕೋಣೆಯ ಕೆಳಗಿದ್ದ ಮನೆಯೊಡತಿ ಮೊದಲ ದಿನವೇ ಅಕ್ಕೋರ ಎಂದು ಕೂಗಿದರು. ಓಣಿಯೂ ಹಾಗೇ ಅಂದಿತು, ನಾವೂ ಅಂದೆವು. ಆ ಮನೆಯೊಡತಿಯನ್ನು ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅವರದು ಶೇಂಗಾ, ಪುಟಾಣಿ ಕಡಲೆ ಹುರಿಯುವ ಭಟ್ಟಿ. ಅವರ ಮಾವನ ಕಾಲದಿಂದಲೂ ಆ ಓಣಿಗೆ ಅದೇ ವಾಸನೆ.

ಎಪ್ಪತ್ತರ ದಶಕದ ನಡುವಿನ ವರ್ಷಗಳು ಅವು. ಊರಿಗೆ ಆಗ ಎಲ್ಲರ ಬಾಯಲ್ಲೂ ಬಿಜಾಪುರವೆಂದೇ ಹೆಸರು. ನಾನು ದಿನಾ ಟಿಕೋಟಾದಿಂದ ಬಸ್ಸಿನಲ್ಲಿ ಬಂದು ಬಿ.ಎಸ್ಸಿ. ಓದುತ್ತಿದ್ದೆ. ಆ ವರ್ಷ ಹೊಸದಾಗಿ ಬಂದ ಅಧ್ಯಾಪಕರಿಗೆಲ್ಲ ಕಾಲೇಜಿನಲ್ಲಿ ಒಂದು ಸ್ವಾಗತ ಸಮಾರಂಭ ಇಟ್ಟಿದ್ದರು. ಒಬ್ಬೊಬ್ಬರೂ ಎದ್ದು ತಮ್ಮ ಊರು, ವಿಷಯ, ಆಸಕ್ತಿ ಹೇಳಬೇಕು. ಒಬ್ಬರು ತಬಲಾ ಎಂದರು, ಇನ್ನೊಬ್ಬರು ಬ್ಯಾಡ್ಮಿಂಟನ್, ಮತ್ತೊಬ್ಬರು ತೋಟಗಾರಿಕೆ. ಕೊನೆಗೆ ಎದ್ದವರು ಸುಣ್ಣದ ಕಡ್ಡಿಯಷ್ಟು ತೆಳ್ಳಗಿನ, ಎತ್ತರದ ಹೆಂಗಸು. ಇಳಕಲ್ ಸೀರೆ, ಕೈಯಲ್ಲಿ ಗಂಡಸರ ಗಡಿಯಾರ.

"ನನ್ನ ಆಸಕ್ತಿ ಅಂದ್ರ... ನಕ್ಷತ್ರ ಸತ್ತ ಮ್ಯಾಲೆ ಅದರ ಹೊಟ್ಟ್ಯಾಗ ಏನಾಗ್ತದ ಅನ್ನೂದು" ಎಂದು ಹೇಳಿ ಕೂತುಬಿಟ್ಟರು.

ಚಪ್ಪಾಳೆ ಹೊಡೆಯಬೇಕೋ ಸಂತಾಪ ಹೇಳಬೇಕೋ ಯಾರಿಗೂ ತಿಳಿಯಲಿಲ್ಲ. ಹಿಂದಿನ ಬೆಂಚಿನ ಹುಡುಗರು ಕಿಸಕ್ಕನೆ ನಕ್ಕರು. ನಾನು ನಗಲಿಲ್ಲ. ಒಬ್ಬ ಹೆಂಗಸಿಗೆ ಇಂಥ ಆಸಕ್ತಿಯೂ ಇರಬಹುದು, ಅದನ್ನು ನಾಲ್ಕು ಮಂದಿಯ ಎದುರು ಎದ್ದು ನಿಂತು ಹೇಳಲೂಬಹುದು ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಬಂದಿರಲಿಲ್ಲ.

ಅಕ್ಕೋರು ಆಕಾಶ ನೋಡಿದ್ದನ್ನು ನಾನಂತೂ ಕಂಡಿಲ್ಲ. ಅವರ ಬಳಿ ದುರ್ಬೀನು ಇರಲಿಲ್ಲ, ಯಾವ ಉಪಕರಣವೂ ಇರಲಿಲ್ಲ. ಬೇಕಾದದ್ದು ಕಾಗದ, ಪೆನ್ಸಿಲ್ಲು, ಲಾಗ್ ಟೇಬಲ್ಲು ಅಷ್ಟೇ. ಓಣಿಯವರಿಗೆ ಇದು ಅರ್ಥವಾಗುವುದು ಕಷ್ಟವಿತ್ತು. ಒಮ್ಮೆ ಒಬ್ಬ ತಾಯಿ ಮಗಳ ಜಾತಕ ಹಿಡಿದುಕೊಂಡು ಮಾಳಿಗೆ ಹತ್ತಿ ಬಂದಿದ್ದಳಂತೆ. "ಬದುಕಿರೂ ನಕ್ಷತ್ರದ್ದು ನನಗ ತಿಳಿಯಂಗಿಲ್ರಿ" ಎಂದು ಅಕ್ಕೋರು ಚಹಾ ಕುಡಿಸಿ ಕಳಿಸಿದರಂತೆ. ಖಾಲಾ ಇದನ್ನು ಬಂದವರಿಗೆಲ್ಲ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆಕಾಶದಿಂದ ಗಡಿಯಾರದ ಹಾಗೆ ತಪ್ಪದೆ ಮಿಡಿಯುವ ರೇಡಿಯೋ ಅಲೆಗಳು ಬರುವುದು ಗೊತ್ತಾಗಿ ಆಗಿನ್ನೂ ಬಹಳ ವರ್ಷಗಳಾಗಿರಲಿಲ್ಲ. ದೊಡ್ಡ ನಕ್ಷತ್ರವೊಂದು ತನ್ನ ಉರುವಲು ತೀರಿಸಿಕೊಂಡು ಕುಸಿದರೆ ಅದರ ಒಳಭಾಗ ಹೇಗೆ ಹಿಂಡಿ ಹೋಗುತ್ತದೆ, ಪರಮಾಣುಗಳಿಗೂ ಜಾಗ ಸಾಲದೆ ಬರೀ ನ್ಯೂಟ್ರಾನ್‌ಗಳೇ ಹೇಗೆ ಒತ್ತೊತ್ತಾಗಿ ಉಳಿಯುತ್ತವೆ ಎಂದು ಅಕ್ಕೋರು ಕ್ಲಾಸಿನಲ್ಲಿ ಹೇಳಿದರು. ಆ ಮಿಡಿತ ಅಂಥ ಸತ್ತ ನಕ್ಷತ್ರಗಳದೇ ಎಂದರು. ನಾನು ಧೈರ್ಯ ಮಾಡಿ ಅದು ಎಷ್ಟು ದೊಡ್ಡದಿರುತ್ತದೆಂದು ಕೇಳಿದೆ.

"ತೂಕಾ ಸೂರ್ಯಾನಕಿಂತ ವಜ್ಜಾ. ಗಾತ್ರ ಮಾತ್ರ... ನೀ ಯಾವೂರಾಕಿ?"

"ಟಿಕೋಟಾರಿ."

"ಬಸ್ಸು ಎಷ್ಟೊತ್ತು ತೊಗೋತದ?"

"ಕೆಡದಿದ್ರ ಮುಕ್ಕಾಲು ತಾಸ್ರಿ."

"ಹಾಂ, ಅಷ್ಟ ನೋಡು. ಒಂದು ಅಂಚು ನಮ್ಮ ಕಾಲೇಜಿನ ಗೇಟಿನ್ಯಾಗ, ಇನ್ನೊಂದು ಅಂಚು ನಿಮ್ಮೂರ ಬಸ್ ಸ್ಟ್ಯಾಂಡಿನ್ಯಾಗ. ನಡುವ ಪೂರಾ ನಕ್ಷತ್ರ."

ಆ ದಿನದಿಂದ ನನ್ನ ಬಸ್ ಪ್ರಯಾಣವೇ ಬದಲಾಯಿತು. ಸಂಜೆ ಕಿಟಕಿಯ ಪಕ್ಕ ಕೂತು ಕಣ್ಣು ಅರೆ ಮುಚ್ಚಿದರೆ ಬಸ್ಸು ನಕ್ಷತ್ರದ ಒಳಗೆ ಇಳಿಯತೊಡಗುತ್ತಿತ್ತು. ಊರು ಹಿಂದಾಗಿ, ಬಲಗಡೆ ದೂರದಲ್ಲಿ ಇಟ್ಟಂಗಿಹಾಳದ ಕಡೆಯ ಜೋಳದ ಹೊಲಗಳು ಕಂಡವೆಂದರೆ ಈಗ ಆಳಕ್ಕೆ ಬಂದೆವು ಎಂದುಕೊಳ್ಳುತ್ತಿದ್ದೆ. ತೆನೆಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ನಿಂತ ಹಾಗೆ, ಬೆಳಕಿಗೂ ನುಸುಳಲು ಎಡೆಯಿಲ್ಲದ ಹಾಗೆ... ಕಂಡಕ್ಟರ್ ಬಂದು ಭುಜ ತಟ್ಟಿ "ಟಿಕೋಟಾ ಬಂತು, ಇಳೀಬೇ ತಂಗಿ" ಎನ್ನುವವರೆಗೂ ನಾನು ಅಲ್ಲಿ ಇರುತ್ತಿರಲಿಲ್ಲ.

ಅಕ್ಕೋರ ಸಂಗತಿ ನಮಗೆ ನಿಧಾನವಾಗಿ ತಿಳಿಯಿತು. ಅವರು ಧಾರವಾಡದ ಕಡೆಯವರು. ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹಿರಿಯ ಪ್ರೊಫೆಸರೊಬ್ಬರ ಕೈಕೆಳಗೆ ಇದೇ ಕೆಲಸ ಮಾಡುತ್ತಿದ್ದರು. ತಾಯಿಗೆ ಲಕ್ವಾ ಹೊಡೆದಾಗ ಎಲ್ಲ ಬಿಟ್ಟು ಬಂದರು. ತಾಯಿ ತೀರಿಕೊಳ್ಳುವ ಹೊತ್ತಿಗೆ ಅಲ್ಲಿಯ ಜಾಗ ಹೋಗಿತ್ತು. ಹೊಸದೇನಾದರೂ ಸಾಧಿಸಿ ತೋರಿಸಿದರೆ ಮತ್ತೆ ಕರೆಸಿಕೊಳ್ಳುವುದಾಗಿ ಪ್ರೊಫೆಸರು ಹೇಳಿದ್ದರಂತೆ. ಅಕ್ಕೋರಿಗೆ ಹೋಗುವುದೇ ಬೇಕಾಗಿತ್ತು. ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. "ಇಲ್ಲಿ ನನಗ ಮಾತಾಡ್ಲಿಕ್ಕೆ ಯಾರೂ ಇಲ್ಲಲ್ಲ" ಎಂದು ಒಮ್ಮೆ ನಮ್ಮೆದುರೇ ಅಂದುಬಿಟ್ಟರು. ನಾಲ್ಕು ಮಂದಿ ಎದುರಿಗೇ ಕೂತಿದ್ದೆವು, ನನಗೆ ಸ್ವಲ್ಪ ಸಿಟ್ಟೂ ಬಂತು. ಆದರೆ ಅವರು ಹೇಳಿದ್ದು ನಿಜವೇ ಆಗಿತ್ತು.

ಅವರ ಬಳಿ ಒಂದು ಹೊಸ ವಿಚಾರವಿತ್ತು. ಅದು ನಮಗೆ ಅರ್ಥವಾಗಲೆಂದು ಅವರು ಕೊಟ್ಟ ಉದಾಹರಣೆ ಈಗಲೂ ನೆನಪಿದೆ. "ಸಂತಿ ದಿನ ಬಸ್ಸಿನ್ಯಾಗ ನೋಡೀರಿಲ್ಲೋ? ಒಂದು ಹದದ ತನಕಾ ಮಂದಿ ಸರೀತಾರ. ಆಮ್ಯಾಲೆ ಮೊಣಕೈ ಚಾಚ್ತಾರ. ನ್ಯೂಟ್ರಾನ್‌ಗೋಳೂ ಹಂಗ. ಎಷ್ಟು ಜೋರಾಗಿ ಮೊಣಕೈ ಚಾಚ್ತಾವ ಅನ್ನೂದ ಪ್ರಶ್ನೆ." ಎಲ್ಲರೂ ತಿಳಿದಿರುವುದಕ್ಕಿಂತ ಆ ಮೊಣಕೈ ಗಟ್ಟಿ ಎಂಬುದು ಅಕ್ಕೋರ ನಂಬಿಕೆ. ಅದಕ್ಕೊಂದು ಸೂತ್ರ ಬರೆದಿದ್ದರು. ಅವರದು ಸರಿಯಾಗಿದ್ದರೆ ಸತ್ತ ನಕ್ಷತ್ರ ಬೇರೆಯವರು ಹೇಳುವುದಕ್ಕಿಂತ ದೊಡ್ಡದಿರಬೇಕು. ಆ ಗಾತ್ರ ತಿಳಿಯಲು ನಕ್ಷತ್ರದ ನಟ್ಟನಡುವಿನಿಂದ ಹೊರಟು ಪದರಿನಿಂದ ಪದರಿಗೆ ಲೆಕ್ಕ ಹಾಕುತ್ತ ಬರಬೇಕು. ಪ್ರತಿ ಪದರಿಗೂ ಒತ್ತಡ ಇಳಿಯುತ್ತ ಹೋಗುತ್ತದೆ. ಎಲ್ಲಿ ಒತ್ತಡ ಸೊನ್ನೆಯಾಯಿತೋ ಅಲ್ಲಿಗೆ ನಕ್ಷತ್ರ ಮುಗಿಯಿತು, ಅದೇ ಅದರ ಅಂಚು.

ಮುಂಬಯಿಯಲ್ಲಿ ಇದಕ್ಕೆ ಗಣಕಯಂತ್ರವಿತ್ತು. ಬಿಜಾಪುರದಲ್ಲಿ ನಾವಿದ್ದೆವು.

ಕ್ಲಾಸಿನಲ್ಲಿ ಇದ್ದದ್ದೇ ನಾಲ್ಕು ಹುಡುಗಿಯರು. ಅಕ್ಕೋರಿಗೆ ಹೆಸರು ನೆನಪಿರುತ್ತಿರಲಿಲ್ಲ, ಊರು ನೆನಪಿರುತ್ತಿತ್ತು. ಹಾಗಾಗಿ ನಾವು ಕಾಖಂಡಕಿ, ಘೋಣಸಗಿ, ಟಿಕೋಟಾ, ಬಬಲೇಶ್ವರ ಆಗಿದ್ದೆವು. ರವಿವಾರ ಮುಂಜಾನೆ ಮಾಳಿಗೆಯ ಮೇಲೆ ಸಾಲಾಗಿ ಕೂರಬೇಕು. ನಡುಗರ್ಭದ ಪದರುಗಳು ಕಾಖಂಡಕಿಯವಳಿಗೆ. ಅವಳ ಲೆಕ್ಕದ ಕೊನೆಗೆ ಉಳಿದ ಒತ್ತಡವನ್ನು ಘೋಣಸಗಿಯವಳು ತೆಗೆದುಕೊಂಡು ಮುಂದುವರಿಸಬೇಕು, ಅವಳಿಂದ ನಾನು, ನನ್ನಿಂದ ಬಬಲೇಶ್ವರದವಳು. ಅಂಚಿನ ಪದರುಗಳೆಲ್ಲ ಬಬಲೇಶ್ವರದವಳ ಪಾಲಿಗೆ. ಅಲ್ಲಿ ಅಂಕಿಗಳು ತೀರ ಸಣ್ಣವು, ಅವಳ ಅಕ್ಷರ ಮುತ್ತಿನಂಥದ್ದು, ಅದಕ್ಕೆ ಅವಳು. ಅವಳು ಮಾತು ಕಡಿಮೆಯ ಹುಡುಗಿ, ನಮ್ಮೆಲ್ಲರಿಗಿಂತ ಅಚ್ಚುಕಟ್ಟು. ಬಂದಕೂಡಲೆ ಅಕ್ಕೋರ ಅಡಿಗೆಮನೆಯನ್ನೂ ಒಂದು ಸಲ ನೇರ್ಪು ಮಾಡಿಯೇ ಕೂರುತ್ತಿದ್ದಳು.

ಎಷ್ಟು ರವಿವಾರಗಳೋ... ಚಳಿಗಾಲದ ಎಳೆಬಿಸಿಲು, ಕೆಳಗಿನಿಂದ ಏರಿಬರುವ ಭಟ್ಟಿಯ ಹೊಗೆ, ನಾಲ್ಕು ಪೆನ್ಸಿಲ್ಲುಗಳ ಸರಸರ ಸದ್ದು. ಯಾರಾದರೂ ತಪ್ಪಿದರೆ ಅಕ್ಕೋರು ಬೈಯುತ್ತಿರಲಿಲ್ಲ. "ಟಿಕೋಟಾದಾಗ ನಕ್ಷತ್ರ ಕುಸೀಲಿಕತ್ತದ, ಎಲ್ಲಾರೂ ಹಿಂದಕ್ಕ ಬರ್ರಿ" ಎನ್ನುತ್ತಿದ್ದರು. ನಡುನಡುವೆ ಖಾಲಾ ಬುಟ್ಟಿಯಲ್ಲಿ ಬಿಸಿ ಶೇಂಗಾ ಹಿಡಿದು ಏದುಸಿರು ಬಿಡುತ್ತ ಮೇಲೆ ಬರುತ್ತಿದ್ದರು.

"ಸತ್ತದ್ದರ ಲೆಕ್ಕಾ ಇಷ್ಟ್ಯಾಕ ಮಾಡ್ತೀರಿ ಅಕ್ಕೋರ? ಬದುಕಿದಾವರದ ಲೆಕ್ಕಾ ಹತ್ತವಲ್ದು ನಮಗ."

"ಸತ್ತ ಮ್ಯಾಲೂ ಅದು ಬಿದ್ದಿಲ್ಲಲ್ಲ ಖಾಲಾ, ನಿಂತದ. ಅದ್ಹೆಂಗ ನಿಂತದ ಅಂತ ನೋಡೂಣು ಅಂತ."

ಖಾಲಾ ಅದನ್ನು ಕೇಳಿ ಬುಟ್ಟಿಯ ಶೇಂಗಾವನ್ನೆಲ್ಲ ಅಕ್ಕೋರ ಮುಂದೆ ಸುರಿದರು. ಅವರೂ ಗಂಡ ಸತ್ತ ಮೇಲೆ ಭಟ್ಟಿ ನಡೆಸಿಕೊಂಡು ನಿಂತವರೇ.

ಬೇಸಿಗೆ ಕಾಲಿಡುವ ಹೊತ್ತಿಗೆ ನಕ್ಷತ್ರ ಮುಗಿಯಿತು. ಬಬಲೇಶ್ವರದವಳು ಕೊನೆಯ ಹಾಳೆ ಅಕ್ಕೋರ ಕೈಗಿಟ್ಟಳು. ಅಕ್ಕೋರು ಅದನ್ನು ನೋಡಿದರು, ತಮ್ಮ ಕಾಗದದಲ್ಲಿ ಏನೋ ಗೀಚಿದರು, ಮತ್ತೆ ನೋಡಿದರು. ಎದ್ದು ಮಾಳಿಗೆಯ ಕಟ್ಟೆಯವರೆಗೆ ಹೋಗಿ ಬಂದರು. ನಕ್ಷತ್ರದ ಅಂಚು ಟಿಕೋಟಾದಲ್ಲಿ ನಿಂತಿರಲಿಲ್ಲ. ಟಿಕೋಟಾ ದಾಟಿ ಘೋಣಸಗಿಯ ಹಾದಿ ಹಿಡಿದಿತ್ತು. ಒಳಗಿನ ಕಠಿಣ ಪದರುಗಳನ್ನು ಅವರು ಮೊದಲೇ ಮತ್ತೆ ಮತ್ತೆ ಪರೀಕ್ಷಿಸಿದ್ದರು, ಅಲ್ಲಿ ಎಲ್ಲವೂ ಸರಿಯಿತ್ತು. ಮೊಣಕೈ ಗಟ್ಟಿಯೇ ಇತ್ತು.

"ಘೋಣಸಗೀ, ನಿಮ್ಮೂರಿಗೆ ಬಂತು ನೋಡು" ಎಂದು ಅಕ್ಕೋರು ನಕ್ಕರು. ಅವರು ಬಾಯಿ ತುಂಬ ನಕ್ಕಿದ್ದನ್ನು ನಾನು ಮೊದಲು ಕಂಡದ್ದು ಆಗ. ಸಂಜೆ ನಮ್ಮೆಲ್ಲರಿಗೂ ಸೇವಂತಿಗೆ ಕೊಡಿಸಿದರು.

ಮುಂಬಯಿಗೆ ಪತ್ರ ಹೋಯಿತು. ಆ ನಂತರದ ದಿನಗಳು ಅದೆಂಥ ಕನಸಿನ ಹಾಗಿದ್ದವು... ಅಕ್ಕೋರು ಪಾಠ ಮಾಡುತ್ತ ಮಾಡುತ್ತ ಕಿಟಕಿಯ ಆಚೆ ನೋಡಿ ತಮ್ಮಷ್ಟಕ್ಕೆ ಮುಗುಳ್ನಗುತ್ತಿದ್ದರು. ನನಗೂ ಬಸ್ಸು ಟಿಕೋಟಾದಲ್ಲಿ ನಿಂತರೆ ಇನ್ನೂ ಇಳಿಯುವ ಹೊತ್ತಾಗಿಲ್ಲ, ನಕ್ಷತ್ರ ಇನ್ನೂ ಮುಂದಿದೆ ಎನಿಸುತ್ತಿತ್ತು. ಎರಡು ತಿಂಗಳಿಗೆ ಉತ್ತರ ಬಂತು. ಬಂದು ಎಲ್ಲರೆದುರು ಭಾಷಣ ಕೊಡಬೇಕು, ಗುಂಪಿನಲ್ಲಿ ಜಾಗ ಖಾಲಿಯಿದೆ, ಅದನ್ನು ನಿನಗೇ ಎಂದು ಇಟ್ಟಿದ್ದೇನೆ ಎಂದು ಪ್ರೊಫೆಸರು ಬರೆದಿದ್ದರು.

ಅಕ್ಕೋರನ್ನು ಕಳಿಸಿಕೊಡಲು ನಾವೇ ಒಂದು ಊಟ ಇಟ್ಟುಕೊಂಡೆವು. ಅವರ ಕೋಣೆಯಲ್ಲೇ ಜೋಳದ ರೊಟ್ಟಿ ಬಡಿದೆವು, ಎಣ್ಣೆಗಾಯಿ ಮಾಡಿದೆವು, ಖಾಲಾ ಶೇಂಗಾ ಹಿಂಡಿ ತಂದರು. ಎಲ್ಲರೂ ಚಾಪೆಯ ಮೇಲೆ ಕೂತೆವು, ಬಬಲೇಶ್ವರದವಳು ಬಡಿಸಲು ನಿಂತಳು. ಎಣ್ಣೆಗಾಯಿಯ ರುಚಿಗೆ ಯಾರ ಕೈಯೂ ನಿಲ್ಲಲಿಲ್ಲ. ಪಲ್ಯದ ಪಾತೇಲಿಯ ತಳ ಕಾಣತೊಡಗಿತು. ಕಾಖಂಡಕಿಯವಳು ಕೇಳಿದಳು, ಇವಳು ಇದ್ದದ್ದರಲ್ಲಿ ಅರ್ಧ ಹಾಕಿದಳು. ನಾನು ಕೇಳಿದೆ, ಉಳಿದ ಅರ್ಧದಲ್ಲಿ ಅರ್ಧ ಹಾಕಿದಳು. ಘೋಣಸಗಿಯವಳಿಗೆ ಅದರಲ್ಲಿ ಅರ್ಧ.

"ಎಲ್ಲಾ ಬಳದು ಹಾಕಿಬಿಡ ಬೇ. ಯಾರಿಗೆ ಇಡಾಕತ್ತಿ?" ಎಂದು ಘೋಣಸಗಿಯವಳು ರೇಗಿದಳು.

"ಪಾತೇಲಿ ಬಳೀಬಾರದು. ತಳದಾಗ ಒಂದೀಟು ಬಿಡಬೇಕು. ಪೂರಾ ಬರಿದು ಮಾಡಿದ್ರ ಅವ್ವ ಬೈತಾಳ."

"ಖರೇ ಐತಿ ಬೇಟಿ. ಬರ್ಕತ್ ಹೋಗ್ತೈತಿ, ಮನಿ ಏಳಿಗಿ ಹೋಗ್ತೈತಿ" ಎಂದು ಖಾಲಾ ತಲೆದೂಗಿದರು. "ನಮ್ಮ ಮನ್ಯಾಗೂ ಹಂಗ ಬಿಡ್ತೀವಿ."

ಅಕ್ಕೋರ ಕೈ ತುತ್ತಿನ ಸಮೇತ ನಿಂತಿತು. ಅವರು ಪಾತೇಲಿಯನ್ನೇ ನೋಡುತ್ತಿದ್ದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

"ಬಬಲೇಶ್ವರಾ... ಅಂಚಿನ್ಯಾಗ ಒತ್ತಡ ಸೊನ್ನಿ ಬಂತಲ್ಲ, ಅಲ್ಲಿ ನೀ ಏನು ಬರದಿ?"

"ಸೊನ್ನಿ ಬರಲೇ ಇಲ್ರಿ ಅಕ್ಕೋರ."

"ಕಳದಾಗ ಬರಬೇಕಲ್ಲ?"

"ಪೂರಾ ಕಳದ್ರ ಏನೂ ಉಳೀತಿದ್ದಿಲ್ರಿ. ಅದಕ್ಕ ಇದ್ದದರಾಗ ಅರ್ಧಾ ಕಳದು ಅರ್ಧಾ ಬಿಟಗೋತ ಹೋಗೇನ್ರಿ." ಅವಳ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. "ಕಾಖಂಡಕ್ಯಾಕಿ ಘೋಣಸಗ್ಯಾಕಿಗೆ ಬಿಟ್ಟಾಳ, ಅಕಿ ಟಿಕೋಟಾದಾಕಿಗೆ ಬಿಟ್ಟಾಳ, ಇಕಿ ನನಗ ಬಿಟ್ಟಾಳ. ನಾ ಮುಂದಿನ ಪದರಿಗೆ ಏನೂ ಬಿಡಲಿಲ್ಲಂದ್ರ ಹೆಂಗ್ರಿ?"

ಅಕ್ಕೋರು ಒಮ್ಮೆ ಜೋರಾಗಿ ನಕ್ಕರು, ಆ ನಗು ಅರ್ಧಕ್ಕೇ ನಿಂತಿತು. ಅರ್ಧ ಅರ್ಧ ಬಿಡುತ್ತ ಹೋದರೆ ಸೊನ್ನೆ ಎಂದಿಗೂ ಬರುವುದಿಲ್ಲ ಎಂಬುದು ನನಗೂ ಆಗ ಹೊಳೆಯಿತು. ಹಾಳೆ ಮುಗಿದದ್ದಕ್ಕೆ ನಮ್ಮ ನಕ್ಷತ್ರ ನಿಂತಿತ್ತು, ಒತ್ತಡ ಮುಗಿದದ್ದಕ್ಕಲ್ಲ. ಅಕ್ಕೋರು ಎದ್ದು ಕೈ ತೊಳೆದು ಲಾಗ್ ಟೇಬಲ್ಲು ತಂದರು. ಎಲೆಗಳನ್ನು ಬದಿಗೆ ಸರಿಸಿ ಐವರೂ ಕೂತೆವು. ಅಂಚಿನ ಪದರುಗಳನ್ನು ಮತ್ತೆ ಹಾಕಿ ನೋಡುವ ಹೊತ್ತಿಗೆ ಬಿಸಿಲು ಇಳಿದಿತ್ತು. ನಕ್ಷತ್ರ ಘೋಣಸಗಿಯ ಹಾದಿ ಬಿಟ್ಟು, ಟಿಕೋಟಾಕ್ಕೇ ಮರಳಿ ಅಲ್ಲೇ ಮುಗಿಯಿತು. ಬೇರೆ ದೇಶದವರು, ಮುಂಬಯಿಯವರು ಎಂದೋ ಹೇಳಿದ್ದ ಗಾತ್ರಕ್ಕೇ ಬಂದು ಕೂತಿತು. ಅಕ್ಕೋರ ಸೂತ್ರದಿಂದ ಬದಲಾದದ್ದು ಏನೂ ಇರಲಿಲ್ಲ.

ಬಬಲೇಶ್ವರದವಳು ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಖಾಲಾ ಅವಳ ಬೆನ್ನು ಸವರುತ್ತ ಅಕ್ಕೋರಿಗೆ ಹೇಳಿದರು. "ಆ ನಕ್ಷತ್ರಾನ ಅಳತಿ ಮಾಡಾಕ ಯಾರ ಹೋಗ್ತಾರ ಅಕ್ಕೋರ? ಕಾಗದಾ ಹೋಗೈತಿ, ಅವರು ಕರದಾರ. ಸುಮ್ಕ ಹೋಗಿ ಜಾಗಾ ಹಿಡೀರಿ."

"ಹಿಡದು ಏನು ಮಾಡ್ಲಿ ಖಾಲಾ? ಇಲ್ಲದ ನಕ್ಷತ್ರದ ಮ್ಯಾಲೆ ಕೂತು ಎಷ್ಟು ದಿನಾ ಲೆಕ್ಕಾ ಹಾಕ್ಲಿ?"

ಖಾಲಾ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ನಾನು ಒಳಗೊಳಗೇ ಖಾಲಾರ ಪಕ್ಷವೇ ಆಗಿದ್ದೆ. ಹೋಗಲಿ, ಹೋಗಿ ಅಲ್ಲಿ ಸೇರಿಕೊಳ್ಳಲಿ, ಆಮೇಲೆ ನೋಡಿಕೊಂಡರಾಯಿತು ಎಂದು ದೇವರನ್ನು ಬೇಡಿಕೊಂಡೆ. ಅಕ್ಕೋರು ನಮ್ಮನ್ನು ಬಿಟ್ಟು ಹೋಗುವುದು ಬೇಡವಾಗಿತ್ತು, ಹೋಗದೆ ಉಳಿಯುವುದು ಅದಕ್ಕಿಂತಲೂ ಬೇಡವಾಗಿತ್ತು.

ಸೊಲ್ಲಾಪುರದ ಗಾಡಿಗೆ ಕಳಿಸಲು ನಾವೆಲ್ಲ ಸ್ಟೇಷನ್ನಿಗೆ ಹೋದೆವು. ಅಲ್ಲಿಂದ ಅವರು ಮುಂಬಯಿಯ ಗಾಡಿ ಹಿಡಿಯಬೇಕು. ಬಬಲೇಶ್ವರದವಳು ಒಂದು ಕಂಬದ ಹಿಂದೆ ನಿಂತಿದ್ದಳು. ಅಕ್ಕೋರು ಚೀಲ ಕೆಳಗಿಟ್ಟು ಅವಳಿದ್ದಲ್ಲಿಗೇ ಹೋದರು. ಅವರು ಹೇಳಿದ್ದು ನಮಗೂ ಕೇಳಿಸಿತು.

"ನಿನ್ನ ಹಾಳಿ ನಾನೂ ನೋಡಿದ್ನೆಲ್ಲ? ಅಂಚು ಅಷ್ಟುದ್ದ ಯಾಕ ಹರಕೊಂಡು ಹೋತು ಅಂತ ನಾ ಕೇಳಬೇಕಿತ್ತು. ನನಗ ದೊಡ್ಡ ನಕ್ಷತ್ರ ಬೇಕಾಗಿತ್ತು ನೋಡು, ಅದಕ್ಕ ಕೇಳಲಿಲ್ಲ. ನೀ ಅಳಬ್ಯಾಡ."

ಗಾಡಿ ಹೊರಟಿತು. ನಾಲ್ಕೈದು ದಿನಕ್ಕೆ ಅಕ್ಕೋರು ವಾಪಸು ಬಂದು ಮೊದಲಿನ ಹಾಗೆ ಕ್ಲಾಸಿನಲ್ಲಿ ಸುಣ್ಣದ ಕಡ್ಡಿ ಹಿಡಿದು ನಿಂತರು. ಆ ಬೆನ್ನು ನೋಡಿಯೇ ನಮಗೆ ಗೊತ್ತಾಯಿತು. ರವಿವಾರ ಮಾಳಿಗೆಗೆ ಹೋದಾಗ ಅವರಾಗಿಯೇ ಹೇಳಿದರು. ಭಾಷಣಕ್ಕೆ ಎದ್ದು ನಿಂತು ಮೊದಲ ಮಾತಿಗೇ ಲೆಕ್ಕ ತಪ್ಪಿದೆ ಎಂದು ಹೇಳಿದರಂತೆ. ಹೇಗೆ ತಪ್ಪಿತು ಎಂದು ಕೇಳಿದ್ದಕ್ಕೆ ಪಾತೇಲಿಯ ಸಂಗತಿಯನ್ನೂ ಹೇಳಿದರಂತೆ. ಸಭೆ ನಕ್ಕಿತಂತೆ. ಹಿರಿಯರೊಬ್ಬರು ಮಾತ್ರ ನಗದೆ, ಆ ಹುಡುಗಿ ಪೂರ್ತಿ ತಪ್ಪಲ್ಲ, ಅಂಥ ನಕ್ಷತ್ರದ ಮೇಲೂ ತೆಳ್ಳಗೆ ಒಂದಿಷ್ಟು ಅನಿಲ ಉಳಿದಿರಲೇಬೇಕು ಎಂದರಂತೆ.

"ಆದ್ರ ಅದು ಗೇಣಿನಷ್ಟೂ ಇರಂಗಿಲ್ಲ, ಬಬಲೇಶ್ವರಾ. ನೀ ಹರದಾರಿಗಟ್ಟಲೆ ಬಿಟ್ಟೀದಿ" ಎಂದು ಅಕ್ಕೋರು ಅವಳ ತಲೆ ಮೊಟಕಿದರು. ಆವತ್ತು ಮೊದಲ ಸಲ ಅವಳು ನಕ್ಕಳು. ಜಾಗದ ವಿಷಯ ಏನಾಯಿತೆಂದು ಕಾಖಂಡಕಿಯವಳು ಕೇಳಿಯೇಬಿಟ್ಟಳು. ಅದನ್ನು ಬೇರೆ ಯಾರಿಗೋ ಕೊಟ್ಟಿದ್ದರು. ಪ್ರೊಫೆಸರು ಬಾಗಿಲವರೆಗೆ ಬಂದು, ಹೊಸದೇನಾದರೂ ಸಿಕ್ಕರೆ ಬಾ ಎಂದು ಕಳಿಸಿದ್ದರು.

ಹೊಸದು ಸಿಗಲಿಲ್ಲ. ನಮ್ಮ ಪರೀಕ್ಷೆಗಳು ಬಂದವು, ಮದುವೆಗಳು ಬಂದವು, ಮಾಳಿಗೆಯ ರವಿವಾರಗಳು ತಾವಾಗಿಯೇ ನಿಂತವು. ಬಬಲೇಶ್ವರದವಳು ಬಿ.ಎಡ್. ಮಾಡಿ ತನ್ನೂರಿನಲ್ಲೇ ಗಣಿತ ಕಲಿಸಿದಳು, ನಾನು ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ. ಅಕ್ಕೋರು ಬಹಳ ವರ್ಷ ಬಿಜಾಪುರದಲ್ಲೇ ಪಾಠ ಮಾಡಿದರು. ಖಾಲಾ ತೀರಿಕೊಂಡ ಮೇಲೆ ಧಾರವಾಡಕ್ಕೆ ವರ್ಗ ಮಾಡಿಸಿಕೊಂಡು ಹೋದರು.

ಅವರು ನಿವೃತ್ತರಾದ ಮೇಲೆ ಒಮ್ಮೆ ಧಾರವಾಡಕ್ಕೆ ಹೋಗಿ ನೋಡಿ ಬಂದೆ. ಕೂದಲು ಪೂರಾ ಬೆಳ್ಳಗಾಗಿತ್ತು, ಗಡಿಯಾರ ಕೈಯಲ್ಲಿ ಸಡಿಲಾಗಿ ಜಾರುತ್ತಿತ್ತು. ಅದೂ ಇದೂ ಮಾತಾಡಿದೆವು. ಎದ್ದು ಹೊರಡುವಾಗ ಮನಸ್ಸು ತಡೆಯದೆ ಕೇಳಿಬಿಟ್ಟೆ. "ಅಕ್ಕೋರ, ಅವತ್ತು ಹೇಳಬಾರದಿತ್ತು ಅಂತ ಯಾವಾಗಾದ್ರೂ ಅನಿಸೇತೇನ್ರಿ?"

ಅವರು ಜಾರಿದ ಗಡಿಯಾರವನ್ನು ಮೇಲಕ್ಕೆ ಸರಿಸಿಕೊಂಡರು. ನಾನು ಕೇಳಬಾರದ್ದನ್ನು ಕೇಳಿದೆ ಎಂದುಕೊಂಡೆ.

"ಇಲ್ಲ. ಹೇಳಿದ್ದಕ್ಕ ಎಂದೂ ಅನಿಸಿಲ್ಲ" ಎಂದರು. "ಆದ್ರ ಆ ಎರಡು ತಿಂಗಳು ಅದು ಖರೇ ಇತ್ತಲ್ಲ, ಮುಂಜಾನೆ ಎದ್ದ ಕೂಡ್ಲೆ ಅದ ಮೊದಲು ನೆನಪಾಗ್ತಿತ್ತು. ಈಗೂ ಒಂದೊಂದು ದಿನ ಆಗ್ತದ. ಸತ್ತವರು ನೆನಪಾದ್ರ ಯಾರ ಮುಂದರೆ ಹೇಳಿ ಅಳಬಹುದು. ಹುಟ್ಟಲೇ ಇಲ್ಲದ್ದು ನೆನಪಾದ್ರ... ಯಾರ ಮುಂದ ಹೇಳೂದು?"

ಅವರ ಕೈ ಹಿಡಿದುಕೊಂಡು ಕೂತೆ. ಅಕ್ಕೋರನ್ನು ನಾನು ಕಂಡದ್ದು ಅದೇ ಕೊನೆ.

ಹೋದ ತಿಂಗಳು ಬಬಲೇಶ್ವರದಿಂದ ಫೋನ್ ಬಂತು. "ಅಕ್ಕೋರು ಹೋದ್ರಂತ ಬೇ" ಎಂದಳು. ಎರಡೂ ಕಡೆ ಇಬ್ಬರು ಮುದುಕಿಯರು ಫೋನ್ ಹಿಡಿದುಕೊಂಡು ಅತ್ತೆವು. ಕಾಖಂಡಕಿಯವಳು ತೀರಿಹೋಗಿ ಬಹಳ ವರ್ಷಗಳಾದವು, ಘೋಣಸಗಿಯವಳಿಗೆ ಈಗ ಯಾರ ಗುರುತೂ ಹತ್ತುವುದಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು. "ನಮ್ಮ ನಕ್ಷತ್ರದ ಅಳತಿ ಎಷ್ಟಿತ್ತು, ನೆನಪೈತೇನ?"

ತಟ್ಟನೆ ಹೇಳಿದೆ. ಅವಳೂ ಅದನ್ನೇ ಹೇಳಿದಳು. ದಶಾಂಶದ ಆಚೆಯ ಅಂಕಿಗಳ ಸಮೇತ ಇಬ್ಬರಿಗೂ ಬಾಯಿಪಾಠವಿತ್ತು. ಹೇಳಿ ಮುಗಿಸಿದ ಮೇಲೆಯೇ ಗೊತ್ತಾದದ್ದು, ನಾವು ಹೇಳಿದ್ದು ಆ ದೊಡ್ಡ ನಕ್ಷತ್ರದ್ದು, ಟಿಕೋಟಾ ದಾಟಿದ್ದು. ಸರಿಯಾದ ಅಳತೆ ಎಷ್ಟೆಂದು ಅವಳು ಕೇಳಿದಳು. ನಾನು ಎಷ್ಟು ತಿಣುಕಾಡಿದರೂ ನೆನಪಾಗಲಿಲ್ಲ. ಅವಳಿಗೂ ನೆನಪಿರಲಿಲ್ಲ. ಅದು ಗೊತ್ತಿದ್ದವರು ಅಕ್ಕೋರೊಬ್ಬರೇ.